ಗುಜರಿಯಿಂದ ಜಗಲಿಗೆ: ಹಳೇ ಸಾಮಾನಿಗೆ ಮನೆಯೊಳಗೆ ಮತ್ತೆ ಕೆಲಸ ಕೊಡುವ ಸಮಗ್ರ ಮಾರ್ಗದರ್ಶಿ

ಕುಮಟಾದ ಗುಜರಿ ಅಂಗಡಿಯೊಂದರ ಹಿತ್ತಲಲ್ಲಿ ಮರದ ತೊಟ್ಟಿಯಂಥ ಆ ಮರಿಗೆ ಬಿದ್ದಿತ್ತು. ಒಂದೇ ಮರದ ತುಂಡನ್ನು ತೋಡಿ ಮಾಡಿದ್ದು, ಎರಡು ತುದಿಗೂ ಹಿಡಿಕೆ, ಒಳಗೆ ಕೋಳಿ ಪುಕ್ಕ. "ಹಲಸಿನ ಮರದ್ದು ಅಕ್ಕೋರೆ, ಚೊಲೋ ಉಂಟು, ತಕಂಡ್ಹೋಗಿ" ಎಂದರು ಅಂಗಡಿಯವರು. ಕೇಳಲೇಬೇಕಿದ್ದ ಒಂದು ಪ್ರಶ್ನೆಯನ್ನು ಕೇಳದೆ ದುಡ್ಡು ಕೊಟ್ಟೆ. ದೇವಿಮನೆ ಘಟ್ಟ ಹತ್ತಿಸಿ ಶಿರಸಿಗೆ ತಂದೆ. ತೊಳೆದು, ಒಣಗಿಸಿ, ಉಜ್ಜಿ, ಜೇನುಮೇಣ ಹಚ್ಚಿ ಜಗಲಿಯಲ್ಲಿಟ್ಟು, ಅದರೊಳಗೆ ಮನೆಯ ಹಳೇ ಫೋಟೋ ಆಲ್ಬಮ್‌ಗಳನ್ನು ಜೋಡಿಸಿದೆ. ಬೇಸಿಗೆಯಿಡೀ ಬಂದವರೆಲ್ಲ ಅದನ್ನೇ ನೋಡಿದರು.

ಜೂನ್‌ನಲ್ಲಿ ಮಳೆ ಹಿಡಿಯಿತು. ಜುಲೈಯಲ್ಲಿ ಒಂದು ದಿನ ಆಲ್ಬಮ್ ಎತ್ತಿದರೆ ರಟ್ಟು ಒದ್ದೆ. ಮರಿಗೆಯ ತಳದಲ್ಲಿ ನೀರು ಜಿನುಗಿ ನಿಂತಿದೆ. ಮಾಡು ಸೋರಿರಲಿಲ್ಲ, ಗೋಡೆಯೂ ಒಣಗಿಯೇ ಇತ್ತು. ಮರವೇ ಬೆವರಿತ್ತು. ಅದು ಉಪ್ಪಿನ ಮರಿಗೆ. ವರ್ಷಗಟ್ಟಲೆ ಹರಳುಪ್ಪು ತುಂಬಿಟ್ಟಿದ್ದ ಮರ ಉಪ್ಪನ್ನು ಒಡಲೊಳಗೆ ಎಳೆದುಕೊಂಡಿರುತ್ತದೆ, ಉಪ್ಪು ಗಾಳಿಯ ತೇವವನ್ನು ಎಳೆಯುತ್ತದೆ. ನನ್ನ ಅತ್ತೆಯ ಮದುವೆಯ ನಾಲ್ಕು ಫೋಟೋಗಳು ಒಂದಕ್ಕೊಂದು ಅಂಟಿ ಹೋದವು. ಅವು ಮತ್ತೆ ಸಿಗುವಂಥವಲ್ಲ.

ಅಂದಿನಿಂದ ಹಳೇ ಸಾಮಾನು ಯಾವುದೇ ಇರಲಿ, ಕೈಗೆ ತೆಗೆದುಕೊಳ್ಳುವ ಮೊದಲು ಒಂದೇ ಮಾತು ಕೇಳುತ್ತೇನೆ: "ಇದು ಮೊದಲು ಎಲ್ಲಿತ್ತು, ಏನು ಕೆಲಸ ಮಾಡ್ತಿತ್ತು?" ಹೇಗೆ ತೊಳೆಯಬೇಕು, ಏನು ಹಚ್ಚಬೇಕು, ಮನೆಯಲ್ಲಿ ಎಲ್ಲಿ ಇಡಬೇಕು, ಎಲ್ಲಿ ಇಡಲೇಬಾರದು, ಇವೆಲ್ಲ ಆ ಉತ್ತರದ ಮೇಲೆ ನಿಂತಿವೆ. ಮುಂದೆ ಬರೆದಿರುವುದೆಲ್ಲ ಆ ಒಂದು ಪ್ರಶ್ನೆಯ ಬೆನ್ನು ಹಿಡಿದು ಕಲಿತದ್ದು.

ಎಲ್ಲಿ ಹುಡುಕುವುದು

ನಮ್ಮ ಕಡೆ ಒಳ್ಳೆಯ ಸಾಮಾನು ಸಿಗುವುದು ಮೂರು ದಾರಿಯಲ್ಲಿ. ಒಂದು, ಹಳೇ ಮನೆ ಕಿತ್ತು ಹೊಸದು ಕಟ್ಟುವಾಗ. ಬಾಗಿಲು, ಕಿಟಕಿ, ದಾರಂದ, ಕಂಬ, ಪಕಾಸು, ಹಂಚಿನ ಅಡಿಯ ಮರದ ಪಟ್ಟಿಯಾದ ರೀಪು, ಹಂಚು ಎಲ್ಲ ಒಟ್ಟಿಗೆ ಅಂಗಳಕ್ಕೆ ಬೀಳುತ್ತವೆ. ಊರಿನ ಆಚಾರಿಗೆ ಒಂದು ಮಾತು ಹೇಳಿಟ್ಟರೆ ಯಾರ ಮನೆ ಯಾವಾಗ ಕೀಳುತ್ತಾರೆ ಎಂದು ಅವರೇ ತಿಳಿಸುತ್ತಾರೆ. ಎರಡು, ಗುಜರಿ ಅಂಗಡಿ. ಮೂರು, ಹಳೇ ಪಾತ್ರೆಯನ್ನು ತೂಕಕ್ಕೆ ತೆಗೆದುಕೊಂಡು ಹೊಸದು ಕೊಡುವ ಪಾತ್ರೆ ಅಂಗಡಿ. ಕರಗಿಸಲು ಕಳಿಸುವ ರಾಶಿಯಲ್ಲಿ ಚೆಂದದ ಕಂಚಿನ ಬಟ್ಟಲು, ತಂಬಿಗೆ, ದೀಪ ಬಿದ್ದಿರುತ್ತವೆ. ಆ ದಿನದ ಗುಜರಿ ದರ ಕೇಳಿಕೊಂಡು, ಅದರ ಮೇಲೆ ಸ್ವಲ್ಪ ಕೊಟ್ಟರೆ ಇಬ್ಬರಿಗೂ ನಷ್ಟವಿಲ್ಲ.

ನಾನು ಮೊದಲ ದಾರಿಯನ್ನೇ ಮೆಚ್ಚುತ್ತೇನೆ, ಏಕೆಂದರೆ ಅಲ್ಲಿ ಸಾಮಾನಿನ ಜೊತೆ ಅದನ್ನು ಬಳಸಿದವರೂ ಇರುತ್ತಾರೆ. ಇದು ದೇವರ ಕೋಣೆ ಕಿಟಕಿ, ಇದು ಕೊಟ್ಟಿಗೆ ಬಾಗಿಲು, ಈ ಪೆಟ್ಟಿಗೆಯಲ್ಲಿ ಗದ್ದೆಗೆ ಹೊಡೆಯುವ ಔಷಧಿ ಇಡುತ್ತಿದ್ದೆವು ಎಂದು ಬಾಯಿಬಿಟ್ಟು ಹೇಳುತ್ತಾರೆ. ಆ ಕೊನೆಯದು ಗೊತ್ತಾಗದೆ ಪೆಟ್ಟಿಗೆಯನ್ನು ಮಕ್ಕಳ ಆಟಿಕೆಗೆ ಇಟ್ಟರೆ ಗತಿಯೇನು? ಔಷಧಿ, ಗೊಬ್ಬರ, ಬ್ಯಾಟರಿ ನೀರು ಇಟ್ಟಿದ್ದ ಮರವನ್ನು ಎಷ್ಟೇ ಚೆಂದವಿದ್ದರೂ ಮನೆಯೊಳಗೆ ತರಬೇಡಿ.

ಹೋಗುವಾಗ ಕೈಚೀಲದಲ್ಲಿ ನಾಲ್ಕು ವಸ್ತು ಇರಲಿ: ಅಳತೆ ಟೇಪು, ಸಣ್ಣ ಅಯಸ್ಕಾಂತ, ತೆಳು ಸ್ಕ್ರೂಡ್ರೈವರ್, ಟಾರ್ಚ್. ಮರವನ್ನು ಬೆರಳ ಗಂಟಿನಿಂದ ಬಡಿದು ನೋಡಿ. ಗಟ್ಟಿ ಮರ ಗಟ್ಟಿಯಾಗಿಯೇ ಮಾತಾಡುತ್ತದೆ, ಒಳಗೆ ಗೆದ್ದಲು ತಿಂದಿದ್ದರೆ ಡಬಡಬ ಎನ್ನುತ್ತದೆ. ನೆಲಕ್ಕೆ ತಾಗಿದ್ದ ತುದಿಗೆ ಸ್ಕ್ರೂಡ್ರೈವರ್ ಒತ್ತಿ. ಕಾಲಿಂಚು ಸಲೀಸಾಗಿ ಒಳಗೆ ಹೋದರೆ ಆ ತುದಿ ಕೊಳೆತಿದೆ. ಸಣ್ಣ ತೂತುಗಳಿದ್ದರೆ ಹೆದರಬೇಕಾಗಿಲ್ಲ, ಆದರೆ ಮರವನ್ನು ಬಿಳಿ ಕಾಗದದ ಮೇಲೆ ಕುಟ್ಟಿ ನೋಡಿ. ಹಸಿ ಮರದ ಬಣ್ಣದ ನುಣುಪು ಪುಡಿ ಉದುರಿದರೆ ಕುಟ್ಟೆ ಹುಳ ಇನ್ನೂ ಒಳಗೆ ಬದುಕಿದೆ. ಏನೂ ಉದುರದೆ ತೂತಿನ ಒಳಗೆಲ್ಲ ಕಪ್ಪು ಕೊಳೆ ತುಂಬಿದ್ದರೆ ಹುಳ ಬಿಟ್ಟುಹೋಗಿ ಬಹಳ ಕಾಲವಾಗಿದೆ ಎಂದು ತಿಳಿಯಬಹುದು.

ಅಯಸ್ಕಾಂತ ಹಿತ್ತಾಳೆಗೆ, ತಾಮ್ರಕ್ಕೆ, ಕಂಚಿಗೆ ಅಂಟುವುದಿಲ್ಲ. ಅಂಟಿದರೆ ಕಬ್ಬಿಣದ ಮೇಲೆ ಹಿತ್ತಾಳೆ ಬಣ್ಣದ ಲೇಪ, ಅಷ್ಟೆ. ಕಂಚನ್ನು ಕಂಡುಹಿಡಿಯಲು ಕಿವಿ ಸಾಕು. ಬಟ್ಟಲನ್ನು ಬೆರಳ ತುದಿಯಲ್ಲಿ ನಿಲ್ಲಿಸಿ ಅಂಚಿಗೆ ತಟ್ಟಿ. ಹಿತ್ತಾಳೆ ಬೇಗ ಸುಮ್ಮನಾಗುತ್ತದೆ, ಕಂಚು ನಿಂತು ನಾದ ಕೊಡುತ್ತದೆ. ಕಂಚಿನ ಕಂಠ ಎನ್ನುವುದು ಸುಮ್ಮನೆ ಹುಟ್ಟಿದ ಮಾತಲ್ಲ. ನಾದ ಒಡಕಾಗಿದ್ದರೆ ಎಲ್ಲೋ ಕೂದಲೆಳೆಯ ಬಿರುಕಿದೆ. ತವರ ಹೆಚ್ಚು ಬೆರೆತ ಲೋಹವಾದ್ದರಿಂದ ಕಂಚು ನೆಗ್ಗುವುದಿಲ್ಲ, ಬಿದ್ದರೆ ಸೀಳುತ್ತದೆ.

ಕೈ ಹಾಕಬಾರದ್ದು

ಹಳೇ ಮನೆಗಳ ಜಗಲಿಯಲ್ಲಿ ಇನ್ನೂ ಕಡವೆ ಕೋಡು, ಜಿಂಕೆ ಕೋಡು ನೇತಾಡುತ್ತಿರುತ್ತವೆ. ಕೊಡುವವರು ಪ್ರೀತಿಯಿಂದಲೇ ಕೊಡಲಿ, ಬೇಡ ಎನ್ನಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಕೊಳ್ಳುವುದೂ ಮಾರುವುದೂ ಅಪರಾಧ. ಅದೇ ವರ್ಷ ಬಂದ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ವಿಗ್ರಹ, ಕೆತ್ತನೆಯಂಥವು ಪ್ರಾಚ್ಯವಸ್ತು ಎನಿಸುತ್ತವೆ. ತಾಳೆಗರಿ, ಹಸ್ತಪ್ರತಿಗಳಿಗೆ 75 ವರ್ಷದ ಲೆಕ್ಕ. ಇಂಥವನ್ನು ಗುಜರಿಯಲ್ಲಿ ಕಂಡರೂ ಅಲಂಕಾರಕ್ಕೆಂದು ತರುವುದು ಸಲ್ಲದು. ನಾಗರಕಲ್ಲು, ಚೌಡಿ ಬನದ ಗಂಟೆ, ದೈವದ ಸಾಮಾನು ಇವುಗಳಿಗೆ ಕಾಯ್ದೆಯ ಮಾತೇ ಬೇಡ. ಅವು ಇನ್ನೊಬ್ಬರ ನಂಬಿಕೆಯ ವಸ್ತುಗಳು.

ದೊಡ್ಡ ಸಾಗವಾನಿ ಅಥವಾ ಬೀಟೆ ಮರದ ತೊಲೆ, ಕಂಬ ಕೊಂಡರೆ ಗಾಡಿಗೆ ಹೇರುವ ಮೊದಲೇ ಹತ್ತಿರದ ಅರಣ್ಯ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ, ಮಾರಿದವರಿಂದ ಚೀಟಿ ಬರೆಸಿಕೊಳ್ಳಿ.

ಯಾವ ತಿಂಗಳು ಯಾವ ಕೆಲಸ

ಬಯಲುಸೀಮೆಯವರು ಯಾವಾಗ ಬೇಕಾದರೂ ಪಾಲಿಶ್ ಮಾಡಬಹುದು. ನಮಗೆ ಹಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಶಿರಸಿಯಲ್ಲಿ ಬಟ್ಟೆಗೇ ಬೂಸ್ಟು ಬರುತ್ತದೆ, ಕಾರವಾರದಲ್ಲಿ ಗಾಳಿಗೇ ಉಪ್ಪಿನ ಜಿಗುಟು. ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಹಚ್ಚುವ ಪಾಲಿಶ್ ಆ ದಿನಗಳಲ್ಲಿ ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ. ಸ್ಪಿರಿಟ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುವುದೇ ಅದಕ್ಕೆ ಕಾರಣ. ಆದ್ದರಿಂದ ಹಚ್ಚುವ ಕೆಲಸವೆಲ್ಲ ಡಿಸೆಂಬರ್‌ನಿಂದ ಏಪ್ರಿಲ್ ಒಳಗೆ ಮುಗಿಯಲಿ. ಮಳೆಗಾಲವನ್ನು ಬಿಚ್ಚುವುದಕ್ಕೆ, ಉಜ್ಜುವುದಕ್ಕೆ, ಹಿತ್ತಾಳೆ ಬೆಳಗುವುದಕ್ಕೆ ಇಟ್ಟುಕೊಳ್ಳಿ.

ಒಂದು ಕೆಲಸಕ್ಕೆ ಮಾತ್ರ ಮಳೆಯೇ ಬೇಕು, ಉಪ್ಪು ಬಿಡಿಸುವುದಕ್ಕೆ. ಉಪ್ಪಿನ ಮರಿಗೆ, ಕಾರವಾರ ಅಂಕೋಲೆ ಕಡೆ ಸಿಗುವ ಹಳೇ ದೋಣಿಯ ಹಲಗೆ ಇವನ್ನು ತಂದ ವರ್ಷವೇ ಮನೆಯೊಳಗೆ ಇಡಬೇಡಿ. ಮೊದಲ ಮಳೆ ಬಿದ್ದಾಗ ಅಂಗಳದಲ್ಲಿ ಕಲ್ಲಿನ ಮೇಲೆ ಎತ್ತಿಟ್ಟುಬಿಡಿ. ಮಾಡಿನ ನೀರು ಧಾರೆಯಾಗಿ ಬೀಳುವಲ್ಲಿ ಇಟ್ಟರೆ ಇನ್ನೂ ಒಳ್ಳೆಯದು. ನನ್ನ ಮರಿಗೆಯನ್ನು ಮಾರನೆಯ ವರ್ಷ ಹಾಗೆಯೇ ಇಟ್ಟೆ. ವಾರಕ್ಕೊಮ್ಮೆ ಅದರಲ್ಲಿ ನಿಂತ ನೀರನ್ನು ಒಂದು ಸ್ಟೀಲ್ ತಟ್ಟೆಗೆ ನಾಲ್ಕು ಚಮಚ, ಬಾವಿ ನೀರನ್ನು ಇನ್ನೊಂದು ತಟ್ಟೆಗೆ ನಾಲ್ಕು ಚಮಚ ಹಾಕಿ ಒಲೆಯ ದಂಡೆಯ ಮೇಲೆ ಆರಲು ಬಿಡುತ್ತಿದ್ದೆ. ಮೊದಲ ವಾರ ಮರಿಗೆ ನೀರಿನ ತಟ್ಟೆಯಲ್ಲಿ ಬೆರಳಿಗೆ ಹತ್ತುವಷ್ಟು ಬಿಳಿ ಪೊರೆ. ಮೂರನೆಯ ವಾರ ತೆಳು ಉಂಗುರ. ಆರನೆಯ ವಾರ ಎರಡು ತಟ್ಟೆಗೂ ವ್ಯತ್ಯಾಸ ಕಾಣಲಿಲ್ಲ. ಆಮೇಲೆ ಒಣಗಿಸುವುದು. ಇಲ್ಲಿ ಅವಸರ ಮಾಡಿದರೆ ಮರ ಸೀಳುತ್ತದೆ. ಗೋಣಿತಾಟು ಸುತ್ತಿ, ಬಿಸಿಲು ಬೀಳದ ಗಾಳಿಯಾಡುವ ಜಾಗದಲ್ಲಿಟ್ಟು, ಮರದ ಎರಡು ತುದಿಗೂ ಮೇಣ ಬಳಿದು, ದೀಪಾವಳಿ ಕಳೆದು ಸಂಕ್ರಾಂತಿ ಬರುವ ತನಕ ಕಾಯಬೇಕು.

ಮರದ ಕೆಲಸ, ಹಂತಹಂತವಾಗಿ

ಮೊದಲು ಒಣ ಬ್ರಶ್ಶಿನಿಂದ ಧೂಳು, ಜೇಡರ ಬಲೆ, ಕಣಜದ ಮಣ್ಣು ತೆಗೆಯಿರಿ. ಹಳೇ ಪೇಂಟ್ ಇದ್ದರೆ ಅಲ್ಲೇ ನಿಲ್ಲಿ. ಮನೆಗೆ ಹಚ್ಚುವ ಪೇಂಟಿನಲ್ಲಿ ಸೀಸದ ಅಂಶ ಹತ್ತು ಲಕ್ಷದಲ್ಲಿ 90 ಭಾಗಕ್ಕಿಂತ ಹೆಚ್ಚಿರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅಂದರೆ ಹಳೇ ಕಿಟಕಿಯ ಹಸಿರು, ಹಳದಿ, ಕೆಂಪು ಪೇಂಟಿನಲ್ಲಿ ಸೀಸ ಇದೆ ಎಂದೇ ತಿಳಿದು ಕೆಲಸ ಮಾಡಿ. ಒಣಗಿದ್ದನ್ನು ಉಜ್ಜಬಾರದು, ಮೆಷಿನ್ ಹಾಕಿ ತೀಡಲಂತೂ ಬಾರದು. ಆ ಧೂಳು ಮಕ್ಕಳ ಹೊಟ್ಟೆಗೆ ಸೇರಿದರೆ ಕೆಡುಕು ದೊಡ್ಡದು. ಎನ್95 ಮಾಸ್ಕ್ ಹಾಕಿ, ಅಂಗಳದಲ್ಲಿ ಪ್ಲಾಸ್ಟಿಕ್ ಹಾಸಿ, ನೀರು ಚಿಮುಕಿಸುತ್ತ ಒದ್ದೆಯಲ್ಲೇ ಕೆರೆಯಿರಿ. ಉದುರಿದ್ದನ್ನು ಪ್ಲಾಸ್ಟಿಕ್ ಸಮೇತ ಸುತ್ತಿ ತೆಗೆಯಿರಿ. ತೋಟಕ್ಕೆ ಎಸೆಯಬೇಡಿ, ಬಚ್ಚಲ ಒಲೆಗೆ ಹಾಕಬೇಡಿ. ಪೇಂಟ್ ಗಟ್ಟಿಯಾಗಿ ಹಿಡಿದಿದ್ದು ನೋಡಲು ಚೆಂದವಿದ್ದರೆ ಕೆರೆಯದೆ ಮೇಲೆ ಬಣ್ಣವಿಲ್ಲದ ವಾರ್ನಿಶ್ ಎರಡು ಕೈ ಹಚ್ಚಿ ಮುಚ್ಚಿಬಿಡುವುದು ಉತ್ತಮ.

ಪೇಂಟ್ ಇಲ್ಲದ ಮರಕ್ಕೆ ಸೀಗೆಪುಡಿ ನೀರು ಸಾಕು. ಬಟ್ಟೆ ಅದ್ದಿ ಹಿಂಡಿ ಒರೆಸಿ, ನೀರು ಹೊಯ್ಯಬೇಡಿ. ಎರಡು ದಿನ ನೆರಳಲ್ಲಿ ಒಣಗಿದ ಮೇಲೆ ಪಾಲಿಶ್ ಪೇಪರ್: ಮೊದಲು 80 ನಂಬರು, ಆಮೇಲೆ 120, ಕೊನೆಗೆ 220. ಎಳೆ ಹೋದ ದಿಕ್ಕಿಗೇ ಉಜ್ಜಿ. ಎಷ್ಟು ಉಜ್ಜಬೇಕು ಎಂಬುದು ನಿಮ್ಮ ಮನಸ್ಸಿಗೆ ಬಿಟ್ಟದ್ದು, ಆದರೆ ನನ್ನ ಮಾತು ಇಷ್ಟು: ಕೈ ಸವೆಸಿದ ಗುರುತನ್ನು ಉಳಿಸಿ. ಬಾಗಿಲ ಅಗಳಿಯ ಹತ್ತಿರ ತಲೆಮಾರುಗಳ ಬೆರಳು ತಾಗಿ ನುಣುಪಾದ ಗುಳಿ ಇರುತ್ತದೆ. ಅದನ್ನು ತೀಡಿ ಸಪಾಟು ಮಾಡಿದರೆ ಹೊಸ ಪ್ಲೈವುಡ್ಡಿಗೂ ಅದಕ್ಕೂ ಏನು ವ್ಯತ್ಯಾಸ?

ಹುಳಕ್ಕೆ ಔಷಧಿ ಹೀಗೆ. ಒಂದು ಲೀಟರ್ ಬಿಸಿ ನೀರಿಗೆ 20 ಗ್ರಾಂ ಬೋರಿಕ್ ಆಸಿಡ್ ಪುಡಿ, 30 ಗ್ರಾಂ ಬೊರಾಕ್ಸ್ ಹಾಕಿ ಕರಗಿಸಿ. ತೀಡಿದ ಬೆತ್ತಲೆ ಮರಕ್ಕೆ ಬ್ರಶ್ಶಿನಲ್ಲಿ ಮೂರು ಕೈ ಹಚ್ಚಿ, ತೂತುಗಳೊಳಗೆ ಸಿರಿಂಜಿನಿಂದ ಬಿಡಿ, ವಾರ ಒಣಗಿಸಿ. ಇದು ನೀರಿಗೆ ತೊಳೆದುಹೋಗುವ ಔಷಧಿ, ಆದ್ದರಿಂದ ಮಳೆಗೆ ತಾಗುವ ಸಾಮಾನಿಗೆ ಹಚ್ಚಿ ಪ್ರಯೋಜನವಿಲ್ಲ. ಹಣ್ಣು, ತಿಂಡಿ ಇಡುವ ಮರಿಗೆಗೆ ಹಚ್ಚಬೇಡಿ. ಕಲಸಿದ ಡಬ್ಬವನ್ನು ಮಕ್ಕಳ ಕೈಗೆ ಸಿಗದಂತೆ ಇಡಿ.

ಗೇರೆಣ್ಣೆಯ ಮಾತು ಬಂದೇ ಬರುತ್ತದೆ. ಗೇರುಬೀಜದ ಸಿಪ್ಪೆಯಿಂದ ತೆಗೆದ ಎಣ್ಣೆ, ದೋಣಿಗೂ ಪಕಾಸಿಗೂ ಹಿಂದಿನಿಂದ ಹಚ್ಚುತ್ತ ಬಂದದ್ದು, ಗೆದ್ದಲಿಗೆ ಒಳ್ಳೆಯದು. ಆದರೆ ಮರ ಕಪ್ಪಾಗುತ್ತದೆ, ಚರ್ಮಕ್ಕೆ ತಾಗಿದರೆ ಸುಟ್ಟ ಹಾಗೆ ಬೊಬ್ಬೆ ಏಳುತ್ತದೆ. ಹಾಗಾಗಿ ಕೈಗವಸು ಹಾಕಿ, ಕಾಣದ ಹಿಂಬದಿಗೆ, ಕಾಲಿನ ತಳಕ್ಕೆ ಮಾತ್ರ.

ಮೇಲಿನ ಹೊಳಪಿಗೆ ನನ್ನ ಆಯ್ಕೆ ಮೇಣ. ಒಂದು ಪಾಲು ಜೇನುಮೇಣ, ನಾಲ್ಕು ಪಾಲು ಅಗಸೆ ಎಣ್ಣೆ. ಪಾತ್ರೆಯಲ್ಲಿ ನೀರು ಕುದಿಸಿ ಅದರೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಬೇಕು, ನೇರ ಬೆಂಕಿಯ ಮೇಲೆ ಬೇಡ. ಆರಿದ ಮೇಲೆ ಬೆಣ್ಣೆಯಂತಾಗುತ್ತದೆ. ಹಳೇ ಪಂಚೆಯ ತುಂಡಿನಿಂದ ತೆಳ್ಳಗೆ ತಿಕ್ಕಿ, ಅರ್ಧ ಗಂಟೆ ಬಿಟ್ಟು ಒಣ ಬಟ್ಟೆಯಲ್ಲಿ ಒರೆಸಿ. ಮನೆಯಲ್ಲಿ ಇದೆ ಎಂದು ತೆಂಗಿನ ಎಣ್ಣೆ ಹಚ್ಚಬೇಡಿ. ಅದು ಎಂದೂ ಒಣಗುವುದಿಲ್ಲ, ಧೂಳು ಹಿಡಿದು ಮುಗ್ಗಲು ವಾಸನೆ ಬರುತ್ತದೆ. ಇನ್ನೊಂದು ಮಾತು, ಇದನ್ನು ಮರೆಯಬೇಡಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ನೀರಲ್ಲಿ ಅದ್ದಿಡಿ, ಇಲ್ಲವೇ ತಂತಿಯ ಮೇಲೆ ಬಿಡಿಸಿ ಹರವಿ.

ಹಳೇ ಕಿಟಕಿಯಿಂದ ಕನ್ನಡಿ

ಎಲ್ಲರೂ ಮೊದಲು ಕೇಳುವುದು ಇದನ್ನೇ. ಎರಡಡಿ ಅಗಲ, ಮೂರಡಿ ಎತ್ತರದ ಕಿಟಕಿ ಚೌಕಟ್ಟು ಬೈಠಕ್ ಕೋಣೆಗೆ ಸರಿಯಾದ ಅಳತೆ. ಸರಳುಗಳನ್ನು ತೆಗೆಯಬೇಕೇ ಬೇಡವೇ ಎಂದು ಮೊದಲೇ ನಿರ್ಧರಿಸಿ. ಸರಳಿದ್ದರೆ ಮುಖ ಕಾಣದು, ಆದರೆ ಎದುರಿನ ಬಾಗಿಲ ಬೆಳಕು ಕನ್ನಡಿಯಲ್ಲಿ ಬಿದ್ದು ಕತ್ತಲೆ ಓಣಿಯಲ್ಲಿ ಇನ್ನೊಂದು ಕಿಟಕಿ ತೆರೆದಂತೆ ಆಗುತ್ತದೆ. ನಾನು ಸರಳು ಉಳಿಸಿಕೊಂಡೆ.

ಬಿಚ್ಚುವಾಗ ಬಿಜಾಗರಿ, ಚಿಲಕ, ಮೊಳೆ ಎಲ್ಲವನ್ನೂ ಒಂದು ಡಬ್ಬಿಗೆ ಹಾಕಿಡಿ. ಹಳೇ ಮೊಳೆಯನ್ನು ಹಿಂದಿನಿಂದ ಕುಟ್ಟಿ ಹೊರಗೆ ದೂಡಬೇಕು, ಮುಂದಿನಿಂದ ಕಿತ್ತರೆ ಮರದ ಚಕ್ಕೆ ಏಳುತ್ತದೆ. ನನ್ನ ಚೌಕಟ್ಟು ಹೊನ್ನೆ ಮರದ್ದು. "ಅಕ್ಕೋರೆ, ಇದಕ್ಕೆ ಮೊಳೆ ಹೊಡೆದ್ರೆ ಸೀಳ್ತದೆ. ತೂತು ತೆಗೆದು ಸ್ಕ್ರೂ ಹಾಕ್ವ" ಎಂದರು ನಮ್ಮ ಆಚಾರಿ. ಸ್ಕ್ರೂ ಹಿತ್ತಾಳೆಯದ್ದೋ ಸ್ಟೇನ್‌ಲೆಸ್ ಸ್ಟೀಲಿನದ್ದೋ ಇರಲಿ. ಹೊನ್ನೆ, ಮತ್ತಿಯಂಥ ಒಗರಿನ ಮರಕ್ಕೆ ಸಾದಾ ಕಬ್ಬಿಣ ತಾಗಿ ತೇವ ಸೇರಿದರೆ ಸುತ್ತ ಮಸಿಯಂತೆ ಕಪ್ಪಾಗುತ್ತದೆ. ಕರಾವಳಿಯಲ್ಲಂತೂ ಒಂದೇ ಮಳೆಗಾಲಕ್ಕೆ ತುಕ್ಕು.

ಚೌಕಟ್ಟಿನ ಹಿಂಬದಿಯ ಒಳ ಅಂಚಿನಲ್ಲಿ ಸುತ್ತಲೂ ಅರ್ಧ ಇಂಚು ಅಗಲ, 10 ಮಿಲಿಮೀಟರ್ ಆಳದ ಕಚ್ಚು ತೆಗೆಸಿ. ಅದರಲ್ಲಿ 4 ಮಿಲಿಮೀಟರ್ ಕನ್ನಡಿ, ಅದರ ಬೆನ್ನಿಗೆ 4 ಮಿಲಿಮೀಟರ್ ಪ್ಲೈ ಕೂರುತ್ತವೆ. ಕನ್ನಡಿಯನ್ನು ಕಚ್ಚಿನ ಅಳತೆಗಿಂತ ಎರಡು ದಿಕ್ಕಿಗೂ 3 ಮಿಲಿಮೀಟರ್ ಕಡಿಮೆ ಕತ್ತರಿಸಿ. ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಜಾಗ ಬಿಡದಿದ್ದರೆ ಗಾಜು ಬಿರಿಯುತ್ತದೆ. ಅಂಟಿಸಲು ಸಿಲಿಕೋನ್ ಬಳಸುವುದಾದರೆ ಅಂಗಡಿಯಲ್ಲಿ ಕನ್ನಡಿಗೆ ಆಗುವ ನ್ಯೂಟ್ರಲ್ ಸಿಲಿಕೋನ್ ಎಂದೇ ಕೇಳಿ. ಹುಳಿ ವಾಸನೆ ಹೊಡೆಯುವ ಸಾದಾ ಸಿಲಿಕೋನ್ ಕನ್ನಡಿಯ ಹಿಂದಿನ ಬೆಳ್ಳಿ ಲೇಪವನ್ನು ತಿಂದು ಕಪ್ಪು ಚುಕ್ಕೆ ಮಾಡುತ್ತದೆ. ಕನ್ನಡಿಯ ನಾಲ್ಕು ಅಂಚಿಗೂ ಆಯಿಲ್ ಪೇಂಟ್ ತೆಳ್ಳಗೆ ಸವರಿಟ್ಟರೆ ತೇವ ಒಳಗೆ ನುಗ್ಗುವುದು ತಡವಾಗುತ್ತದೆ.

ಇನ್ನು ತೂಕ. ಗಾಜು ಒಂದು ಚದರ ಮೀಟರ್‌ಗೆ, ದಪ್ಪದ ಪ್ರತಿ ಮಿಲಿಮೀಟರ್‌ಗೆ ಎರಡೂವರೆ ಕಿಲೋ. ಎರಡಡಿ ಅಗಲ, ಮೂರಡಿ ಎತ್ತರದ 4 ಮಿಲಿಮೀಟರ್ ಕನ್ನಡಿ ಸುಮಾರು ಐದೂವರೆ ಕಿಲೋ ಆಯಿತು. ಗಟ್ಟಿ ಮರದ ಚೌಕಟ್ಟು ಅದರ ಎರಡು ಪಟ್ಟು ತೂಗಿದರೂ ಆಶ್ಚರ್ಯವಿಲ್ಲ. ಕ್ಯಾಲೆಂಡರ್ ಮೊಳೆಯ ಮಾತಲ್ಲ ಇದು. ನಮ್ಮ ಗೋಡೆಗಳು ಹೆಚ್ಚಾಗಿ ಚಿರೆಕಲ್ಲಿನವು, ಮೇಲೆ ಗಿಲಾಯಿ. ಕಲ್ಲಿನ ಸಂದಿನಲ್ಲಿ ತೂತು ಬಿದ್ದರೆ ಮಣ್ಣು ಉದುರುತ್ತದೆ, ಹಿಡಿತ ಸಿಗದು. ಗೋಡೆಯನ್ನು ತಟ್ಟಿ ಕಲ್ಲಿನ ನಡುವನ್ನು ಕಂಡುಕೊಂಡು, ಡ್ರಿಲ್ಲಿನ ಕುಟ್ಟುವ ಗುಂಡಿಯನ್ನು ಬಂದ್ ಮಾಡಿ, ನಿಧಾನ ಸುತ್ತಿನಲ್ಲೇ ತೂತು ತೆಗೆಯಬೇಕು. ನಾಲ್ಕಿಂಚು ಉದ್ದದ ಸ್ಕ್ರೂ, ಉದ್ದ ಪ್ಲಗ್ಗು, ಮೇಲೆ ಎರಡು ಕಡೆ. ಕೆಳಗೆ ಒಂದು ರೀಪಿನ ತುಂಡನ್ನು ಗೋಡೆಗೆ ಬಿಗಿದು ಅದರ ಮೇಲೆ ಚೌಕಟ್ಟನ್ನು ಕೂರಿಸಿ. ಭಾರ ರೀಪಿನ ಮೇಲಿರಲಿ, ಮೇಲಿನ ಸ್ಕ್ರೂ ಮುಂದೆ ಬಾಗದಂತೆ ಹಿಡಿದುಕೊಂಡರೆ ಸಾಕು. ಮಣ್ಣಿನ ಗೋಡೆಯಾದರೆ ಗೋಡೆಯನ್ನು ನಂಬಬೇಡಿ. ತೂಗುಮಂಚದ ಕೊಂಡಿ ಇರುವ ತೊಲೆಯಿಂದ ಸರಪಳಿ ಇಳಿಸಿ ತೂಗುಹಾಕಿ.

ಗೋಡೆಗೂ ಚೌಕಟ್ಟಿಗೂ ನಡುವೆ ಅರ್ಧ ಇಂಚು ಸಂದು ಬಿಡಿ. ನಾಲ್ಕು ಮೂಲೆಗೆ ಮರದ ಬಿಲ್ಲೆ ಅಂಟಿಸಿದರೆ ಆಯಿತು. ಗೋಡೆಗೆ ಮೆತ್ತಿಕೊಂಡ ಕನ್ನಡಿಯ ಬೆನ್ನು ಆಗಸ್ಟ್ ಹೊತ್ತಿಗೆ ಬೂಸ್ಟು ಕಟ್ಟಿರುತ್ತದೆ.

ಬಚ್ಚಲ ಹಂಡೆ

ಗೀಸರ್, ಸೋಲಾರ್ ಬಂದ ಮೇಲೆ ಬಚ್ಚಲ ಒಲೆಯಿಂದ ಇಳಿದ ತಾಮ್ರದ ಹಂಡೆಗಳು ಅಟ್ಟ ಸೇರಿವೆ. ಹೊರಗೆ ಬೆರಳು ದಪ್ಪ ಮಸಿ, ಒಳಗೆ ನೀರಿನ ಬಿಳಿ ಗಸಿ. ಅಂಥದ್ದು ಸಿಕ್ಕರೆ ಕತ್ತಲೆ ಕೋಣೆಗೆ ಒಯ್ದು ಒಳಗೆ ಟಾರ್ಚ್ ಹಾಕಿ ಹೊರಗಿನಿಂದ ತಳ ನೋಡಿ. ಬೆಂಕಿ ತಿಂದು ತೆಳುವಾದಲ್ಲಿ ಸೂಜಿಮೊನೆಯಷ್ಟು ಬೆಳಕು ಕಾಣುತ್ತದೆ. ತೂತಿದ್ದರೂ ಬೇಸರ ಬೇಡ, ಇನ್ನು ಅದು ನೀರು ಹಿಡಿಯಬೇಕಾಗಿಲ್ಲ.

ಮಸಿಯನ್ನು ಬಿಸಿನೀರು, ಸೋಪು, ತೆಂಗಿನ ನಾರಿನಿಂದ ತಿಕ್ಕಿ. ಸ್ಟೀಲ್ ಜುಂಗು ಹಾಕಿದರೆ ಗೀರು ಬೀಳುತ್ತದೆ. ಆಮೇಲೆ ಹುಣಸೆಹಣ್ಣು ಅಥವಾ ವಾಟೆಹುಳಿ ನೆನೆಸಿದ ರಸಕ್ಕೆ ಸ್ವಲ್ಪ ಉಪ್ಪು ಸೇರಿಸಿ ಸವರಿ, ಐದು ನಿಮಿಷ ಬಿಟ್ಟು ತೊಳೆಯಿರಿ. ಐದು ಎಂದರೆ ಐದೇ. ಹಿತ್ತಾಳೆಯನ್ನು ರಾತ್ರಿಯಿಡೀ ಹುಳಿಯಲ್ಲಿ ನೆನೆಹಾಕುವವರಿದ್ದಾರೆ. ಹಿತ್ತಾಳೆ ತಾಮ್ರ ಮತ್ತು ಸತುವಿನ ಬೆರಕೆ, ಹುಳಿ ಸತುವನ್ನು ಎಳೆದುಕೊಂಡು ಹೋಗುತ್ತದೆ. ಆಗ ಅಲ್ಲಲ್ಲಿ ಗುಲಾಬಿ ಬಣ್ಣದ ಮಚ್ಚೆ ಬೀಳುತ್ತದೆ, ಅದು ಬೆಳಗಿದರೂ ಹೋಗುವುದಿಲ್ಲ. ತೊಳೆದ ಮೇಲೆ ಅಡುಗೆ ಸೋಡ ಕಲಸಿದ ನೀರಿನಲ್ಲಿ ಇನ್ನೊಮ್ಮೆ ಜಾಲಿಸಿ, ತಕ್ಷಣ ಒರೆಸಿ ಬಿಸಿಲಿಗೆ ಹಿಡಿಯಿರಿ. ಬಿಸಿ ಇರುವಾಗಲೇ ಜೇನುಮೇಣ ತಿಕ್ಕಿದರೆ ಹೊಳಪು ನಿಲ್ಲುತ್ತದೆ. ಶಿರಸಿಯಲ್ಲಿ ನಾಲ್ಕು ತಿಂಗಳಿಗೊಮ್ಮೆ ಸಾಕು, ಕಡಲ ಹತ್ತಿರದವರು ಎರಡು ತಿಂಗಳಿಗೊಮ್ಮೆ ಮೇಣ ಹಚ್ಚಬೇಕು.

ತಳ ದುಂಡಗಿರುವುದರಿಂದ ಹಂಡೆ ಅಲುಗಾಡುತ್ತದೆ. ಕತ್ತದ ಹಗ್ಗದ ದಪ್ಪ ಸಿಂಬೆ ಮಾಡಿ ಅದರ ಮೇಲೆ ಕೂರಿಸಿ. ಬಾಯಿಗೆ ಸರಿಯಾಗಿ ದುಂಡನೆಯ ಹಲಗೆ, ಹಲಗೆಯ ಅಡಿಗೆ ಬಾಯಿಯ ಒಳಗೆ ಕೂರುವಂತೆ ಇನ್ನೊಂದು ಸಣ್ಣ ಬಿಲ್ಲೆ. ಕುರ್ಚಿಯ ಪಕ್ಕ ಚಹಾ ಇಡಲು ಮೇಜಾಯಿತು, ಒಳಗೆ ಹಳೇ ಪೇಪರ್, ಉಲ್ಲನ್ ಉಂಡೆ, ಏನು ಬೇಕಾದರೂ. ಗಿಡ ಇಡುವುದಾದರೆ ಮಣ್ಣನ್ನು ನೇರ ತುಂಬಬೇಡಿ. ಪ್ಲಾಸ್ಟಿಕ್ ಕುಂಡವನ್ನು ಒಳಗಿಟ್ಟು, ತಳದಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆ ತಪ್ಪದೆ ಚೆಲ್ಲಿ. ಡೆಂಗ್ಯೂ ಸೊಳ್ಳೆಗೆ ಅಷ್ಟು ನೀರು ಬೇಕಾದಷ್ಟಾಯಿತು.

ಹಂಚಿನ ದೀಪ

ಮಂಗಳೂರು ಹಂಚಿನ ಬೆನ್ನ ಮೇಲೆ 1865 ಎಂದು ಅಚ್ಚಾಗಿದ್ದರೆ ಅದು ಕಾರ್ಖಾನೆ ಶುರುವಾದ ವರ್ಷ, ಹಂಚು ಮಾಡಿದ ವರ್ಷವಲ್ಲ. ಆ ಇಸವಿ ತೋರಿಸಿ ಹೆಚ್ಚು ಬೆಲೆ ಹೇಳಿದರೆ ಒಪ್ಪಬೇಡಿ. ಹಿಂದೆ ಹಂಚಿನ ಕಾರ್ಖಾನೆಗಳನ್ನು ನಡೆಸುತ್ತಿದ್ದ ಬಾಸೆಲ್ ಮಿಷನ್ ಹೆಸರಿದ್ದರೆ ಮಾತ್ರ ನೂರು ವರ್ಷದ ಆಸುಪಾಸಿನದ್ದು ಎನ್ನಬಹುದು. ಮೊದಲ ಮಹಾಯುದ್ಧದ ನಂತರ ಆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು.

ಗೋಡೆದೀಪಕ್ಕೆ ಚಪ್ಪಟೆ ಹಂಚಲ್ಲ, ಮಾಡಿನ ನೆತ್ತಿಗೆ ಕವುಚಿ ಹಾಕುವ ಡೊಂಕು ಹಂಚು ಬೇಕು. ಪಾಚಿಯನ್ನು ಒಣ ಬ್ರಶ್ಶಿನಿಂದ ತೆಗೆದು ಬಿಸಿಲಿಗೆ ಹಾಕಿ. ಆಸಿಡ್ ಸುರಿಯಬೇಡಿ, ಅದು ಹಂಚಿನ ಮೈಯೊಳಗೆ ಉಳಿದು ಆಮೇಲೆ ಬಿಳಿ ಉಪ್ಪಾಗಿ ಮೇಲೆ ಬರುತ್ತದೆ. ಹಂಚನ್ನು ನೆಟ್ಟಗೆ ನಿಲ್ಲಿಸಿದಂತೆ ಗೋಡೆಗೆ ಬಿಗಿದು, ಒಳಗೆ 5 ವ್ಯಾಟ್‌ನ ಎರಡು ಎಲ್‌ಇಡಿ ಬಲ್ಬು, ಒಂದು ಮೇಲ್ಮುಖ, ಒಂದು ಕೆಳಮುಖ. ಬೆಳಕು ಗೋಡೆಯ ಮೇಲೆ ಎರಡು ಹೂದಳದಂತೆ ಬೀಳುತ್ತದೆ. ವೈರಿಂಗ್ ಎಲೆಕ್ಟ್ರಿಷಿಯನ್ ಕೈಯಲ್ಲೇ ಆಗಲಿ. ಹಿತ್ತಾಳೆ ದೀಪದ ಕಂಬಕ್ಕೋ ಲಾಟೀನಿಗೋ ಬಲ್ಬು ಹಾಕಿಸುವುದಾದರೆ ಮೂರು ಪಿನ್ನಿನ ಪ್ಲಗ್ಗು, ಲೋಹಕ್ಕೆ ಅರ್ಥ್ ವೈರ್ ಕಡ್ಡಾಯ. ಭರಣಿಯನ್ನು ದೀಪ ಮಾಡುವವರು ತಳಕ್ಕೆ ತೂತು ಕೊರೆಯದೆ ವೈರನ್ನು ಬಾಯಿಯಿಂದಲೇ ತನ್ನಿ. ನಾಳೆ ಮನಸ್ಸು ಬದಲಾದರೆ ಅದು ಮತ್ತೆ ಉಪ್ಪಿನಕಾಯಿಗೆ ಆಗುತ್ತದೆ.

ಕೌದಿ

ಹಳೇ ಬಟ್ಟೆಯಲ್ಲಿ ನನಗೆ ಕೌದಿಯಷ್ಟು ಇಷ್ಟವಾದದ್ದು ಬೇರೆ ಇಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಅದನ್ನು ಅಂಚಿನಿಂದ ಹೊಲಿಯಲು ಶುರುಮಾಡಿ, ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ಆ ಹೊಲಿಗೆಯ ದಾರಿ ಕಾಣುವಂತೆ ಇಡೀ ಕೌದಿಯನ್ನು ಗೋಡೆಗೆ ತೂಗುಹಾಕಿ, ಕತ್ತರಿಸಿ ದಿಂಬಿನ ಚೀಲ ಮಾಡಬೇಡಿ. ಮೇಲಂಚಿನ ಹಿಂದೆ ಹತ್ತಿ ಬಟ್ಟೆಯ ಉದ್ದ ನಾಳ ಹೊಲಿದು ಅದರೊಳಗೆ ಬಿದಿರು ದಬ್ಬೆ ತೂರಿಸಿದರೆ ಭಾರ ಉದ್ದಕ್ಕೂ ಹಂಚಿಹೋಗುತ್ತದೆ. ಮೊಳೆ, ಕ್ಲಿಪ್ ಹಾಕಿದರೆ ಅಲ್ಲೇ ಹರಿಯುತ್ತದೆ. ನೇರ ಬಿಸಿಲು ಬೀಳುವ ಗೋಡೆ ಬೇಡ.

ಮೊದಲ ಜುಲೈ

ಹೊಸದಾಗಿ ಇಟ್ಟ ಪ್ರತಿಯೊಂದು ಸಾಮಾನನ್ನೂ ಜುಲೈ ಮೊದಲ ವಾರ ಒಂದು ಸಲ ಎತ್ತಿ, ತಿರುಗಿಸಿ ನೋಡಿ. ಮರದ ಅಡಿಯಲ್ಲಿ ಮುಂಚೆಯೇ ಕಪ್ಪು ಕಾಗದ ಹಾಸಿಟ್ಟಿದ್ದರೆ ಹುಳದ ಪುಡಿ ಕೂಡಲೇ ಕಾಣುತ್ತದೆ. ಕನ್ನಡಿಯ ಹಿಂದೆ ಕೈ ಹಾಕಿ, ಬೂಸ್ಟು ತಾಗಿದರೆ ಒಣ ಬಟ್ಟೆಯಲ್ಲಿ ಒರೆಸಿ ಸಂದನ್ನು ಇನ್ನು ಸ್ವಲ್ಪ ದೊಡ್ಡದು ಮಾಡಿ. ಕೌದಿಯನ್ನು ಮಳೆ ಬಿಟ್ಟ ಒಂದು ಮಧ್ಯಾಹ್ನ ಇಳಿಸಿ ಒಲೆ ಉರಿಯುವ ಕೋಣೆಯಲ್ಲಿ ಎರಡು ತಾಸು ಹರವಿ. ಉಪ್ಪು ಹೋಗಿದೆ ಎಂದು ನೀವು ನಂಬಿರುವ ಮರಿಗೆಯೊಳಗೆ ಆ ವರ್ಷ ಬೆಲೆಬಾಳುವುದೇನನ್ನೂ ಇಡದೆ, ಒಂದು ಮಡಿಸಿದ ಪೇಪರ್ ಮಾತ್ರ ಹಾಕಿಡಿ. ಆಗಸ್ಟ್ ಕೊನೆಗೂ ಪೇಪರ್ ಗರಿಗರಿಯಾಗಿ ಸದ್ದು ಮಾಡಿದರೆ ಆಲ್ಬಮ್ ಇಡಬಹುದು.